ಅನಾಸ್ಟೇಶಿಯಾ ಹಡಗಿನ ಹೆಣ

“ಇವನಿಗೆ ನೆಟ್ಟಗೆ ಸಾಯೋಕೂ ಬರಲ್ಲ ನೋಡಿ,” ಎಂದ ಹಡಗಿನ ಮ್ಯಾನೇಜರು ಫೆಲಿಮ್ ಸಿನಟ್, ನನ್ನ ತಲೆಯ ಪಕ್ಕದಲ್ಲೇ ನಿಂತು, ಬಾಸ್ಟನ್ನಿನಿಂದ ಬಂದಿದ್ದ ಒಂದು ಬಸ್ಸು ಪ್ರವಾಸಿಗರ ಎದುರಿಗೆ.

ಅವರೆಲ್ಲ ನಕ್ಕರು. ನಾನು ಅಷ್ಟು ಹೊತ್ತಿಗೆ ಎದ್ದು ಕೂತಿದ್ದೆ. ಸತ್ತವನು ಎದ್ದು ಕೂರಬಾರದು ಅನ್ನುವುದು ನನಗೂ ಗೊತ್ತು. ಆದರೆ ಅರ್ಧ ಚಡ್ಡಿಯ ಒಬ್ಬ ಮನುಷ್ಯ ತನ್ನ ಹೆಂಡತಿಯನ್ನು ನನ್ನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಆಯಮ್ಮ ಕೂದಲು ಸರಿಮಾಡಿಕೊಳ್ಳುವುದಕ್ಕೆ ಎರಡು ಕೈಯೂ ಬೇಕು ಅಂತ ತನ್ನ ಕೈಚೀಲವನ್ನು ನನ್ನ ಹೊಟ್ಟೆಯ ಮೇಲೆ ಇಟ್ಟಳು. ಚೀಲದೊಳಗೆ ಏನು ಕಬ್ಬಿಣ ತುಂಬಿದ್ದಳೋ. ನಾನು ಕಣ್ಣು ಬಿಟ್ಟು, ಇದನ್ನ ತೆಗೀತೀಯೋ ಇಲ್ಲ ನದಿಗೆ ಎಸೀಲೋ ಎಂದು ಕೇಳಿದೆ. ಕೇಳಿದ ರೀತಿ ಸ್ವಲ್ಪ ಒರಟಾಗಿತ್ತು, ಅಷ್ಟೆ. ಆಯಮ್ಮ ಹಾಕಿದ ಕೂಗು ದಕ್ಕೆಯ ಆಚೆ ಇರುವ ಮೀನಿನ ಅಂಗಡಿಯವರೆಗೂ ಕೇಳಿಸಿತಂತೆ.

ಅನಾಸ್ಟೇಶಿಯಾ ಹಡಗು ಯಾವತ್ತೂ ಸಮುದ್ರ ಕಂಡಿಲ್ಲ. ಆಲೂಗಡ್ಡೆ ಕೊಳೆತು ಊರೂರೇ ಉಪವಾಸ ಬಿದ್ದ ಕಾಲದಲ್ಲಿ, ನಮ್ಮ ಐರಿಷ್ ನಾಡಿನ ವೆಕ್ಸ್‌ಫರ್ಡ್ ಸೀಮೆಯ ಹಸಿದವರನ್ನು ತುಂಬಿಕೊಂಡು ಅಮೆರಿಕಕ್ಕೆ ಹೋಗುತ್ತಿದ್ದ ಒಂದು ಅನಾಸ್ಟೇಶಿಯಾ ಇತ್ತು. ಇದು ಅದರ ನಕಲು, ಪ್ರವಾಸಿಗರಿಗೆ ತೋರಿಸಲೆಂದು ನಾನು ಹುಟ್ಟಿದ ಮೇಲೆ ಕಟ್ಟಿದ್ದು. ಸರಪಳಿ ಹಾಕಿ ದಕ್ಕೆಗೆ ಬಿಗಿದಿದ್ದಾರೆ. ಉಬ್ಬರ ಬಂದಾಗ ಒಂದಾಳೆತ್ತರ ಮೇಲೇಳುತ್ತದೆ, ಇಳಿದಾಗ ಕೆಸರಿನಲ್ಲಿ ಎಮ್ಮೆಯ ಹಾಗೆ ಕೂರುತ್ತದೆ. ಅದರ ಯಾನವೆಲ್ಲ ಇಷ್ಟೇ. ಡಾಂಬರಿನ ವಾಸನೆ ಬಾಟಲಿಯಿಂದ ಬರುತ್ತದೆ, ಇಲಿಗಳು ರಬ್ಬರಿನವು, ಮಗು ಅಳುವ ಸದ್ದು ಗೋಡೆಯ ಪೆಟ್ಟಿಗೆಯಿಂದ. ಹೆಣ ಮಾತ್ರ ನಿಜದ ಮನುಷ್ಯ. ಫಿಂಟನ್ ರಾಸಿಟರ್, ಅಂದರೆ ನಾನು.

ದಿನವಿಡೀ ನಾನು ಹಡಗಿನ ಹೊಟ್ಟೆಯೊಳಗೆ ಹಲಗೆಯ ಮಂಚದ ಮೇಲೆ, ಮುಖಕ್ಕೆ ಹಿಟ್ಟು ಬಳಿದುಕೊಂಡು, ಹಾಯಿಬಟ್ಟೆ ಸುತ್ತಿಕೊಂಡು, ಜ್ವರದಲ್ಲಿ ಸತ್ತ ಮೈಲ್ಸ್ ಡಾಯಲ್ ಎಂಬವನಾಗಿ ಮಲಗಿರುತ್ತೇನೆ. ನನ್ನ ಹೆಂಡತಿಯ ಪಾತ್ರ ಡರ್ವಲಾಳದು. ಜನ ಇಳಿದು ಬಂದರೆ ಎದೆ ಬಡಿದುಕೊಂಡು ಅಳುತ್ತಾಳೆ, ಹತ್ತಿ ಹೋದರೆ ನನ್ನ ದಿಂಬಿನ ಕೆಳಗಿಟ್ಟ ಚಿಪ್ಸ್ ತಿನ್ನುತ್ತಾಳೆ.

ನನಗೆ ಬೇಕಾಗಿದ್ದದ್ದು ಮೇಸ್ತ್ರಿಯ ಕೋಟು. ಹಿತ್ತಾಳೆ ಗುಂಡಿಯ ನೀಲಿ ಕೋಟು ತೊಟ್ಟ ಹಡಗಿನ ಮೇಸ್ತ್ರಿ ಡೆಕ್ಕಿನ ಮೇಲೆ ನಿಂತು ಬಂದವರ ಮೇಲೆಲ್ಲ ಕೂಗಾಡುತ್ತಾನೆ. ಸಾಲಲ್ಲಿ ನಿಲ್ರೋ ದನಗಳಾ, ಕೆಳಗಿಳೀರೋ, ಗಂಟುಮೂಟೆ ತೆಗೀರೋ ಎಂದು ಡಾಕ್ಟರನ್ನೂ ವಕೀಲನನ್ನೂ ಒಂದೇ ತಕ್ಕಡಿಯಲ್ಲಿ ಬೈಯುತ್ತಾನೆ, ಅವರು ಹಲ್ಲು ಕಿರಿದು ಬೈಸಿಕೊಳ್ಳುತ್ತಾರೆ. ಕೂಗಾಡುವುದಕ್ಕೆ ಸಂಬಳ ಕೊಡುವ ಇನ್ನೊಂದು ಕೆಲಸ ಈ ದೇಶದಲ್ಲಿ ಇದ್ದರೆ ತೋರಿಸಿ. ನನ್ನನ್ನು ಗಾರೆ ಕೆಲಸದಿಂದ, ಮರದ ಮಿಲ್ಲಿನಿಂದ, ಎರಡು ಹೋಟೆಲಿನಿಂದ ಓಡಿಸಿದ್ದು ಇದೇ ಗುಣಕ್ಕೆ. ಇಲ್ಲಿ ಅದಕ್ಕೆ ಕೋಟು ಹೊಲಿಸಿದ್ದರು. ಆ ಕೋಟಿನೊಳಗಿದ್ದ ಮಾರ್ಟಿ ಕಿಯೋನ ಮಂಡಿ ಕೆಟ್ಟಿತ್ತು, ಸೋಮವಾರ ಆಪರೇಷನ್ನಿಗೆ ಹೋಗುವವನಿದ್ದ.

ಬಾಸ್ಟನ್ನಿನವರು ಹೋದ ಮೇಲೆ ಸಿನಟ್ ನನ್ನನ್ನು ಮೂಲೆಗೆ ಕರೆದ. ಅವನು ಬೇಸಿಗೆಯಲ್ಲೂ ಕರೀ ಸೂಟು ಬಿಡದ ಮನುಷ್ಯ. ಹೀಗೆ ಎದ್ದು ಕೂತದ್ದು ಎಷ್ಟನೆಯ ಸಲ ಅನ್ನುವುದನ್ನು ಬಿಡಿಸಿ ಹೇಳಿದ. ಮಧ್ಯಾಹ್ನದ ಗುಂಪಿನ ಮುಂದೆ ಸರಿಯಾಗಿ ಸತ್ತರೆ ಸೋಮವಾರ ಕೋಟು ನನ್ನದು, ಒಂದು ರೆಪ್ಪೆ ಅಲ್ಲಾಡಿದರೂ ಹಿಟ್ಟು ತೊಳೆದುಕೊಂಡು ಮನೆಗೆ ಹೋಗಬಹುದು ಎಂದ. ನಾನು ಒಪ್ಪಿದೆ. ಮಧ್ಯಾಹ್ನ ಬರುವವರು ಯಾರು ಎಂದು ಆಮೇಲೆ ಕೇಳಿದೆ.

“ಕಿಲ್‌ಮೋಗ್ ಚರ್ಚಿನ ಹಿರಿಯರ ಬಳಗ,” ಎಂದ.

ನಮ್ಮೂರು. ನನ್ನನ್ನು ನಡೆಯಲು ಕಲಿಯುವುದಕ್ಕೆ ಮೊದಲೇ ಬಲ್ಲವರು. ನಾನು ಪಾದ್ರಿಯ ಕೆರೆಗೆ ಇಳಿಸಿದ ಟ್ರ್ಯಾಕ್ಟರನ್ನು ಹಗ್ಗ ಹಾಕಿ ಎಳೆದವರು. ಎಲ್ಲಕ್ಕಿಂತ ಹೆಚ್ಚಾಗಿ ಹೆನೆಬೆರಿ ಮೇಷ್ಟ್ರು. ಒಂದು ದಿನ ಅವರನ್ನು ನಾನು ಶಾಲೆಯ ನಕ್ಷೆ ಇಡುವ ಕೋಣೆಯಲ್ಲಿ ಕೂಡಿ ಬೀಗ ಹಾಕಿ, ಬೀಗದಕೈಯನ್ನು ಅವರ ಹೆಂಡತಿಗೆ ಒಪ್ಪಿಸಿದ್ದೆ. ಆಯಮ್ಮ ಸಂಜೆಯವರೆಗೆ ಬರಲಿಲ್ಲ, ಅದು ನನ್ನ ತಪ್ಪೇ? ಮರುದಿನ ಮೇಷ್ಟ್ರು ನನ್ನ ಚೀಲವನ್ನು ತಾವೇ ಗೇಟಿನ ಆಚೆ ಇಟ್ಟು, ಕಲ್ಲು ಹೊರುವುದಕ್ಕೆ ಓದು ಬೇಕಿಲ್ಲ ಎಂದಿದ್ದರು. ಹದಿನೈದು ವರ್ಷದವನಿಗೆ, ಇಡೀ ಶಾಲೆ ಕಿಟಕಿಯಲ್ಲಿ ನೋಡುತ್ತಿರುವಾಗ. ಹೇಳಿದ ಹಾಗೇ ಕಲ್ಲು ಹೊತ್ತೆ. ಪ್ರತಿ ಕಲ್ಲಿಗೂ ಅವರ ಹೆಸರನ್ನೇ ಇಟ್ಟು ಹೊತ್ತೆ.

ನಾನು ಇನ್ನೊಂದು ಪದರ ಹಿಟ್ಟು ಬಳಿದುಕೊಂಡು ಮಲಗಿದೆ.

ಮೇಲೆ ಮಾರ್ಟಿ ಕೂಗುವುದು ಕೇಳಿಸಿತು. ಏಣಿಯ ಮೇಲೆ ಊರುಗೋಲುಗಳ ಸದ್ದು. ಡರ್ವಲಾ ಬಾಯಲ್ಲಿದ್ದದ್ದನ್ನು ನುಂಗಿ ರಾಗ ಎತ್ತಿದಳು. ಅಯ್ಯೋ ನನ್ನ ಮೈಲ್ಸಾ, ನಡುನೀರಲ್ಲಿ ಕೈಬಿಟ್ಯಲ್ಲಾ ಎಂದು ದಿನಕ್ಕೆ ಏಳೆಂಟು ಸಲ ಅಳುವ ಅಳು. ಸಾಮಾನ್ಯವಾಗಿ ಜನ ಹಗ್ಗದ ಆಚೆ ನಿಂತು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮೇಸ್ತ್ರಿ ಮೇಲಿನಿಂದ ಗದರಿದಾಗ ಹತ್ತಿ ಹೋಗುತ್ತಾರೆ.

ಕಿಲ್‌ಮೋಗಿನವರ ಮುಂದಾಳು ಅಟ್ರಾಕ್ಟಾ ನೋಲನ್ ಎಂಬ ಅಜ್ಜಿ. ಸುತ್ತಿನ ಮೂರು ಚರ್ಚುಗಳ ವ್ಯಾಪ್ತಿಯಲ್ಲಿ ಒಂದು ಸಾವಿನ ಮನೆಯನ್ನೂ ತಪ್ಪಿಸಿದವರಲ್ಲ. ಅವರು ಏಣಿ ಇಳಿದರು. ಎದುರಿಗೆ ಹೆಣ, ಪಕ್ಕದಲ್ಲಿ ಅಳುವ ಹೆಂಗಸು. ನಮ್ಮಲ್ಲಿ ಸಾವಿನ ಮನೆಯ ರೀತಿಯನ್ನು ಯಾರೂ ಕಲಿಸುವುದಿಲ್ಲ. ನಡಿಗೆ ಬಂದ ಹಾಗೆ ಬರುತ್ತದೆ, ಕಾಲು ತಲೆಯನ್ನು ಕೇಳಿಕೊಂಡು ನಡೆಯುತ್ತದೆಯೇ? ಅಟ್ರಾಕ್ಟಾ ಅಜ್ಜಿ ಹಗ್ಗ ಎತ್ತಿ ಒಳಗೆ ನುಗ್ಗಿ ಡರ್ವಲಾಳ ಕೈ ಹಿಡಿದುಕೊಂಡರು.

“ನಿನ್ನ ಕಷ್ಟಕ್ಕೆ ನಮಗೂ ಸಂಕಟ ಕಣಮ್ಮ,” ಎಂದರು.

ಡರ್ವಲಾ ಅಳು ನಿಲ್ಲಿಸಿದಳು. ಈ ಮಾತಿಗೆ ಅವಳಿಗೆ ಯಾರೂ ಉತ್ತರ ಬರೆದುಕೊಟ್ಟಿರಲಿಲ್ಲ. ಆದರೆ ಅವಳೂ ಇದೇ ಸೀಮೆಯ ಹುಡುಗಿ. ಅವಳ ಬಾಯಿ ತಾನಾಗಿ, ಬಂದಿದ್ದು ತುಂಬ ಒಳ್ಳೇದಾಯ್ತು ಅಜ್ಜಿ, ದೂರ ಬೇರೆ, ಎಂದಿತು. ಅಲ್ಲಿಗೆ ಮುಗಿಯಿತು. ಅಜ್ಜಿಯ ಹಿಂದಿನವರು ಕೈ ಚಾಚಿದರು, ಅವರ ಹಿಂದಿನವರು ಟೋಪಿ ತೆಗೆದರು, ಏಣಿಯ ಮೇಲಿನವರೆಗೂ ಸಾಲು ನಿಂತಿತು. ಒಬ್ಬೊಬ್ಬರಾಗಿ ವಿಧವೆಯ ಕೈ ಕುಲುಕಿ, ಸಂಕಟ ಕಣಮ್ಮ ಸಂಕಟ ಕಣಮ್ಮ ಎನ್ನುತ್ತ ನನ್ನ ಕಡೆಗೆ ಸರಿದರು.

ಕೈ ಕುಲುಕಿದ ಮೇಲೆ ಹೆಣ ಮುಟ್ಟಬೇಕು. ಅಜ್ಜಿಯ ಅಂಗೈ ನನ್ನ ಹಣೆಗೆ ಬಂತು. ಇನ್ನೂ ಬೆಚ್ಚಗಿದಾನೆ, ಈಗಷ್ಟೇ ಹೋಗಿರ್ಬೇಕು ಎಂದು ಹಿಂದಿನವರಿಗೆ ತಿಳಿಸಿದರು. ಹಿಂದಿನವರು, ಮುಖ ಎಷ್ಟು ಕಳೆಯಾಗಿದೆ ಎಂದರು. ಇನ್ನೊಬ್ಬರು, ಹೋದ ತಿಂಗಳು ಸತ್ತ ತಮ್ಮ ಭಾವನಿಗಿಂತ ಇವನು ಎಷ್ಟೋ ವಾಸಿ ಎಂದರು. ನನ್ನ ಮುಖವನ್ನು ಹುಟ್ಟಿದಾಗಿನಿಂದ ಯಾರೂ ಹೊಗಳಿದ್ದಿಲ್ಲ.

ಆಮೇಲೆ ಒಂದು ಕನ್ನಡಕ ನನ್ನ ಮೂಗಿನ ಹತ್ತಿರಕ್ಕೆ ಇಳಿಯಿತು. ಅದರ ಉಸಿರು ನನ್ನ ತುಟಿಗೆ ತಾಗುತ್ತಿತ್ತು.

“ಇವನು ಮೋಗ್ ರಾಸಿಟರ್ ಮೊಮ್ಮಗ ಅಲ್ವೇನ್ರೇ?”

ಗೋಡೆಯ ಪೆಟ್ಟಿಗೆಯ ಮಗು ಮಾತ್ರ ಅಳುತ್ತಿತ್ತು. ಅವರೆಲ್ಲರ ತಲೆಯೊಳಗೆ ಟ್ರ್ಯಾಕ್ಟರು, ಒಡೆದ ಕಿಟಕಿಗಳು, ಯಾರ ಯಾರ ಮಗನದೋ ಮುರಿದ ಹಲ್ಲು ಹಾದುಹೋಗುವುದು ನನಗೆ ರೆಪ್ಪೆಯ ಒಳಗಿಂದಲೇ ಕಾಣುತ್ತಿತ್ತು. ಈಗ ಶುರುವಾಗುತ್ತದೆ ಎಂದು ಹಲ್ಲು ಕಚ್ಚಿದೆ. ಆದರೆ ನಾನು ಒಂದು ವಿಷಯ ಮರೆತಿದ್ದೆ. ಮಂಚದ ಪಕ್ಕ ನಿಂತು ಸತ್ತವನನ್ನು ಬೈಯುವ ಹಾಗಿಲ್ಲ. ಹಾಗಂತ ಸುಮ್ಮನೆ ನಿಲ್ಲುವ ಹಾಗೂ ಇಲ್ಲ. ಏನಾದರೂ ಒಳ್ಳೆಯ ಮಾತು ಆಡಲೇಬೇಕು.

“ಅವನಿಗೆ ಟ್ರ್ಯಾಕ್ಟರ್ ಅಂದ್ರೆ ಪ್ರಾಣ, ಪಾಪ,” ಎಂದರು ಒಬ್ಬ ಅಜ್ಜ.

ದಾರಿ ಸಿಕ್ಕಿತು. ಅವನಿದ್ದ ಕಡೆ ಸದ್ದು ಇರುತ್ತಿತ್ತು ಎಂದರು ಇನ್ನೊಬ್ಬರು. ಮನಸ್ಸಲ್ಲಿ ಒಂದಿಟ್ಟುಕೊಂಡು ಹೊರಗೊಂದು ಆಡಿದವನಲ್ಲ, ಆಡಿದ್ದನ್ನು ಪಾದ್ರಿಗಳೂ ಕೇಳಿಸಿಕೊಂಡಿದ್ದಾರೆ ಎಂದರು ಕನ್ನಡಕದವರು. ಗಾಳಿ ಬೆಳಕು ಅಂದ್ರೆ ಬಲು ಇಷ್ಟ, ಮುಚ್ಚಿದ ಕಿಟಕಿ ಅವನಿಗೆ ಆಗ್ತಿರಲಿಲ್ಲ ಎಂದು ನಮ್ಮೂರಿನ ಹೆಂಡದಂಗಡಿಯ ಯಜಮಾನಿ ನಿಟ್ಟುಸಿರು ಬಿಟ್ಟಳು. ಆ ಕಿಟಕಿಯ ಗಾಜಿನ ಹಣ ನಾನು ಬೆವರು ಸುರಿಸಿ ತುಂಬಿದ್ದೆ. ನನ್ನ ಒಳಗೆ ನಗುವೋ ಸಿಟ್ಟೋ ಒಂದು ಹಂದಿಮರಿಯ ಹಾಗೆ ಒದೆಯುತ್ತಿತ್ತು. ನೀಲಿ ಕೋಟನ್ನು ನೆನೆದುಕೊಂಡು ಮನಸ್ಸಿನಲ್ಲೇ ಅದರ ಗುಂಡಿ ಒಂದೊಂದಾಗಿ ಹಾಕಿಕೊಳ್ಳುತ್ತ ಮಲಗಿದೆ.

“ಬರ್ರೀ ಮೇಷ್ಟ್ರೇ, ನಿಮ್ಮ ಹುಡುಗ,” ಎಂದರು ಅಟ್ರಾಕ್ಟಾ ಅಜ್ಜಿ.

ಊರುಗೋಲಿನ ಸದ್ದು ಹತ್ತಿರ ಬಂತು. ಸೀಮೆಸುಣ್ಣದ ವಾಸನೆ ಬಂತು ಅನ್ನಿಸಿತು, ಅವರು ನಿವೃತ್ತಿಯಾದ ಮೇಲೂ. ಕೈ ಹಣೆಯ ಮೇಲೆ ಕೂತಿತು. ಆ ಕೈಯನ್ನು ಕಚ್ಚಬೇಕು ಎಂದು ನಾನು ಏಳು ವರ್ಷ ಕಾದಿದ್ದೆ, ಈಗ ಅದು ಬಾಯಿಂದ ನಾಲ್ಕೇ ಬೆರಳು ದೂರದಲ್ಲಿತ್ತು. ಜನ ಕಾಯುತ್ತಿದ್ದರು. ಬುದ್ಧಿವಂತ ಎಂದು ಸುಳ್ಳು ಹೇಳುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ, ಮುಂದಿನವರು ಬರುತ್ತಾರೆ ಎಂದುಕೊಂಡೆ.

“ಇವನನ್ನ ಕಳಿಸಿದ ಮೇಲೆ,” ಎಂದರು, “ಆ ಕ್ಲಾಸಲ್ಲಿ ನನಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನು ರಿಟೈರ್ ಆಗೋವರೆಗೂ ಕೇಳಲಿಲ್ಲ.”

ನನ್ನ ಎಡಗಣ್ಣಿಂದ ಏನೋ ಒಂದು ಇಳಿದು ಹಿಟ್ಟಿನಲ್ಲಿ ಕಾಲುವೆ ತೋಡಿಕೊಂಡು ಕಿವಿಯ ಕಡೆಗೆ ಹೊರಟಿತು. ಸಿಟ್ಟು ಹೆಚ್ಚಾದರೆ ನನಗೆ ಹಾಗಾಗುತ್ತದೆ. ಹೆಣ ಬೆವರ್ತಿದೆ ಎಂದು ಯಾರೋ ಪಿಸುಗುಟ್ಟಿದರು. ಹಡಗಿನ ತೇವ ಕಣೇ, ಸುಮ್ನಿರು, ಎಂದು ಅಟ್ರಾಕ್ಟಾ ಅಜ್ಜಿ ಕರ್ಚೀಫಿಗೆ ಉಗುಳು ಹಚ್ಚಿ ನನ್ನ ಕೆನ್ನೆ ಒರೆಸಿದರು. ರೆಪ್ಪೆ ಅಲ್ಲಾಡಲಿಲ್ಲ. ದೇವರಾಣೆಗೂ ಅಲ್ಲಾಡಲಿಲ್ಲ.

ಅಲ್ಲಿಗೆ ಬಿಟ್ಟರೇ? ಜಪಮಾಲೆ ಹೊರಬಂತು. ಮಂಡಿ ಊರುವವರು ಊರಿದರು, ಊರಲಾಗದವರು ಎದುರಿನ ಮಂಚಗಳ ಮೇಲೆ ಕೂತರು. ಮಾರ್ಟಿ ಮೇಲಿನಿಂದ, ಹತ್ತಿ ಬರ್ರೋ ದನಗಳಾ ಎಂದು ಕೂಗಿದ. ಜಪ ಮುಗೀಲಿ ತಡಿಯೋ ಎಂದು ಇವರು ಕೂಗಿದರು. ಅವನು ಇಣುಕಿ ನೋಡಿದ, ಟೋಪಿ ತೆಗೆದ, ಕೆಟ್ಟ ಮಂಡಿಯನ್ನು ಎಳೆದುಕೊಂಡು ಇಳಿದು ಬಂದು ತಾನೂ ಮೂಲೆಯಲ್ಲಿ ಕೂತು ಧ್ವನಿ ಸೇರಿಸಿದ. ಅಷ್ಟರಲ್ಲಿ ಮುಂದಿನ ಗುಂಪು ಬಂತು, ಶಿಕಾಗೋ ಕಡೆಯ ಐರಿಷ್ ಸಂತತಿ. ಅವರು ಇದೂ ಟಿಕೆಟ್ಟಿನಲ್ಲೇ ಸೇರಿದ್ದು ಎಂದುಕೊಂಡು ಸಾಲಲ್ಲಿ ನಿಂತರು. ಮೊದಲನೆಯವನು ಡರ್ವಲಾಳ ಕೈ ಕುಲುಕುವಾಗ ಹೇಗಿದೀರಿ ಎಂದು ಕೇಳಿದ, ಮೂರನೆಯವನಿಗೆ ಸಂಕಟ ಎಂಬ ಮಾತು ಬಂತು, ಏಳನೆಯವನು ತನ್ನ ಮುತ್ತಜ್ಜಿಯ ತಾಯಿಯ ಹೆಸರು ಹೇಳಿ ಗೊಳೋ ಎಂದ. ಕಿಲ್‌ಮೋಗಿನ ಹೆಂಗಸರು ಅವನನ್ನು ನಡುವೆ ಕೂರಿಸಿಕೊಂಡರು. ಬಸ್ಸಿನಲ್ಲಿ ತಿನ್ನಲೆಂದು ತಂದಿದ್ದ ಹಂದಿಮಾಂಸದ ಸ್ಯಾಂಡ್‌ವಿಚ್ಚು ಬಿಚ್ಚಿದರು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಅವನು ಬೇಡ ಎಂದ, ಇವರು ಎರಡನೆಯ ಸಲ ಕೇಳಲು ಬಾಯಿ ತೆಗೆಯುವ ಮೊದಲೇ ಸರಿ ಕೊಡಿ ಎಂದುಬಿಟ್ಟ. ಅಷ್ಟರಲ್ಲೇ ಅವನು ಹೊರಗಿನವನು ಎಂದು ಎಲ್ಲರಿಗೂ ಗೊತ್ತಾಯಿತು, ಆದರೂ ಕೊಟ್ಟರು.

ಸಾಲು ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಸಿನಟ್ ದಡದಡ ಇಳಿದು ಬಂದ. ನನ್ನ ಹೆಸರು ಹಿಡಿದು ಕೂಗಲು ಬಾಯಿ ತೆರೆದವನ ಕೈಯನ್ನು ಅಟ್ರಾಕ್ಟಾ ಅಜ್ಜಿ ಹಿಡಿದುಕೊಂಡರು. ಅವನ ಕರೀ ಸೂಟನ್ನು ಮೇಲಿಂದ ಕೆಳಗೆ ನೋಡಿ, ಹೆಣ ಸಿಂಗರಿಸುವವನು ಇವನೇ ಎಂದು ತೀರ್ಮಾನಿಸಿದ್ದರು.

“ಒಳ್ಳೇ ಕೆಲಸ ಮಾಡಿದೀಯಪ್ಪ. ಬದುಕಿದ್ದಾಗ ಈ ಮುಖದಲ್ಲಿ ಇಷ್ಟು ಶಾಂತಿ ನಾವು ನೋಡಿರಲಿಲ್ಲ,” ಎಂದರು.

ಅವನು ಸುತ್ತ ನೋಡಿದನಂತೆ, ಡರ್ವಲಾ ಆಮೇಲೆ ಹೇಳಿದಳು. ಅಳುವ ಅಮೆರಿಕದವರನ್ನು, ಜಪಕ್ಕೆ ಕೂತ ಮಾರ್ಟಿಯನ್ನು, ಏಣಿಯ ಮೇಲಿನ ಸಾಲನ್ನು ನೋಡಿ, ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡು ಒಂದು ಸ್ಯಾಂಡ್‌ವಿಚ್ಚು ತೆಗೆದುಕೊಂಡನಂತೆ.

ಕಡೆಯ ಮನುಷ್ಯ ಹತ್ತಿ ಹೋಗುವವರೆಗೂ ನಾನು ಸತ್ತೇ ಇದ್ದೆ. ಆಮೇಲೂ ಸ್ವಲ್ಪ ಹೊತ್ತು. ಎದ್ದರೆ ಬೆನ್ನು ಹಲಗೆಗಿಂತ ಗಟ್ಟಿಯಾಗಿತ್ತು. ನೀನು ಗೆದ್ದೆ ಕಣೋ, ಎಂದಳು ಡರ್ವಲಾ. ಅವಳ ಕಣ್ಣೂ ಕೆಂಪಾಗಿತ್ತು, ಕೈ ಕುಲುಕಿ ಕುಲುಕಿ ಬೆರಳು ಊದಿದ್ದವು. ಮುಖವನ್ನೂ ತೊಳೆಯದೆ ಏಣಿ ಹತ್ತಿದೆ. ಸೋಮವಾರ ಮೊದಲು ಬೈಯಬೇಕಾದ ಮಾತುಗಳು ನಾಲಿಗೆಯ ಮೇಲೆ ಸಾಲು ನಿಂತಿದ್ದವು.

ಸಿನಟ್ ಎರಡು ಕೈ ಚಾಚಿ ಬಂದ. ನನ್ನನ್ನು ಅವನು ಅಪ್ಪಿಕೊಂಡದ್ದು ಅದೇ ಮೊದಲು. ಕರೀ ಸೂಟಿನ ತುಂಬ ಹಿಟ್ಟಾಯಿತು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

“ಬೇಸಿಗೆ ಪೂರ್ತಿ ಇದೇ ಮಗಾ. ಕೈ ಕುಲುಕೋದು, ಜಪ, ಚಹಾ. ಕ್ರಿಸ್‌ಮಸ್‌ಗೂ ಇಡೋಣ. ಇಂಥ ಹೆಣ ಈ ದೇಶದಲ್ಲೇ ಇಲ್ಲ, ನಿನ್ನ ಅಲ್ಲಿಂದ ಎಬ್ಬಿಸೋಕೆ ನನಗೇನು ತಲೆ ಕೆಟ್ಟಿದೆಯಾ?”

“ಕೋಟು?” ಎಂದೆ.

ಅವನು ಉತ್ತರ ಕೊಡುವ ಮೊದಲೇ ಡೆಕ್ಕಿನ ಆ ತುದಿಯಿಂದ ಒಂದು ಧ್ವನಿ ಎದ್ದಿತು. ಸಾಲು! ಸಾಲು ಅಂದರೆ ಏನು? ಆ ಧ್ವನಿಗೆ ನನ್ನ ಬೆನ್ನು ನನ್ನನ್ನು ಕೇಳದೆ ನೆಟ್ಟಗಾಯಿತು. ಹಿರಿಯರು ಬಸ್ಸಿನ ಕಡೆಗೆ ಇಳಿಯದೆ ಅಲ್ಲಲ್ಲಿ ಹರಟುತ್ತ ನಿಂತಿದ್ದರಂತೆ. ಮಂಡಿ ನೋವಿಗೆ ಕುಸಿದು ಕೂತ ಮಾರ್ಟಿ ತಮಾಷೆಗೆ ತನ್ನ ಕೋಟನ್ನು ಮೇಷ್ಟ್ರ ಹೆಗಲಿಗೆ ಹಾಕಿ, ನೀವೇ ಓಡಿಸಿ ಅಂದನಂತೆ. ಈಗ ಅವರು ಹಿತ್ತಾಳೆ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಊರುಗೋಲನ್ನು ಬೆತ್ತದ ಹಾಗೆ ಹಿಡಿದು ನಿಂತಿದ್ದರು. ಕಿಲ್‌ಮೋಗಿನವರು ಜೋಡಿ ಜೋಡಿಯಾಗಿ ಇಳಿಯುತ್ತಿದ್ದರು. ಅವರ ಹಿಂದೆ ಶಿಕಾಗೋದವರೂ ಸಾಲು ಕಟ್ಟಿದ್ದರು. ಒಬ್ಬ ದಪ್ಪನೆಯ ಮನುಷ್ಯ ಬೆರಳೆತ್ತಿ, ಶೌಚಾಲಯಕ್ಕೆ ಹೋಗಿಬರಲೇ ಎಂದು ಅಪ್ಪಣೆ ಕೇಳುತ್ತಿದ್ದ. ಮೇಷ್ಟ್ರು ಸ್ವಲ್ಪ ಯೋಚಿಸಿ ಬೇಡ ಎಂದರು.

“ಸೋಮವಾರದಿಂದ ಬರ್ತೀನಿ ಅಂದಿದಾರೆ,” ಎಂದು ಸಿನಟ್ ನನ್ನ ಕಿವಿಯಲ್ಲಿ ಹೇಳಿದ. “ಸಂಬಳಾನೂ ಬೇಡವಂತೆ. ನೀನು ಬೆಳಗ್ಗೆ ಬೇಗ ಬಂದುಬಿಡು, ಆಯ್ತಾ?”

ನಾನು ಅವನನ್ನು ಬಿಟ್ಟು ಡೆಕ್ಕು ದಾಟಿದೆ. ಇಡೀ ಏಳು ವರ್ಷದ ಮಾತು ಗಂಟಲಿಗೆ ಬಂದಿತ್ತು. ಕದ್ದರು, ನನ್ನ ಶಾಲೆಯನ್ನು ಕಿತ್ತುಕೊಂಡಿದ್ದು ಸಾಲದೆ ಕೋಟನ್ನೂ ಕದ್ದರು ಎಂದು ಅಷ್ಟೂ ಜನರ ಎದುರಿಗೆ ಹೇಳುವುದಿತ್ತು. ಮೇಷ್ಟ್ರು ತಿರುಗಿದರು. ಹಿಟ್ಟಿನ ಮುಖ ನೋಡಿ ಊರುಗೋಲು ಕೆಳಗಿಳಿಯಿತು. ಹತ್ತಿರ ಬಂದರು. ಬೇರೆ ಯಾರಿಗೂ ಕೇಳಿಸದ ಹಾಗೆ, ನಾನು ಅವರ ಬಾಯಲ್ಲಿ ಯಾವತ್ತೂ ಕೇಳದಷ್ಟು ಸಣ್ಣ ಧ್ವನಿಯಲ್ಲಿ ಕೇಳಿದರು.

“ರಾಸಿಟರ್. ಕೆಳಗೆ ನಾನಂದಿದ್ದು ನಿನಗೆ ಕೇಳಿಸ್ತೇನೋ?”

ಅವರ ಕಿವಿಯ ತುದಿ ಕೆಂಪಾಗಿತ್ತು. ಕೋಟು ಅವರಿಗೆ ಭುಜದ ಹತ್ತಿರ ದೊಡ್ಡದು, ತೋಳು ಉದ್ದ, ಬೆರಳುಗಳಷ್ಟೇ ಕಾಣುತ್ತಿದ್ದವು. ಅವರು ನನ್ನ ಬಾಯಿಯನ್ನೇ ನೋಡುತ್ತ ನಿಂತರು.

ಹೆಣಕ್ಕೆ ಕಿವಿ ಕೇಳಿಸುವುದಿಲ್ಲ ಎನ್ನುವ ಹಾಗೆ ನಾನು ಅವರನ್ನು ಬಳಸಿಕೊಂಡು ಹಲಗೆಯ ಸೇತುವೆ ಇಳಿದೆ. ಬಸ್ಸಿನ ಕಿಟಕಿಯಲ್ಲಿ ಯಾರೋ ಅಜ್ಜಿ ನನ್ನನ್ನು ಕಂಡು ಬೇಗಬೇಗ ಶಿಲುಬೆಯ ಗುರುತು ಹಾಕಿಕೊಂಡರು. ದಕ್ಕೆಯುದ್ದಕ್ಕೂ ನಡೆದೆ.